ಸೆರಗಿನೊಳಗಿನ ಗಂಟು

ಲೂಕನ ಸುವಾರ್ತೆಯ ೮ನೆಯ ಅಧ್ಯಾಯದಲ್ಲಿ ಹನ್ನೆರಡು ವರುಷ ರಕ್ತಕುಸುಮರೋಗದಿಂದ ಬಳಲಿದ ಸ್ತ್ರೀಯು ಕರ್ತನ ಎದುರಿಗೆ ಬಾರದೆ ಹಿಂದಿನಿಂದ ಬಂದಳು. ಆತನಾದರೋ ಆಕೆಯನ್ನು ಗದರಿಸದೆ ಮಗಳೆಂದು ಕರೆದನು.

ಪುತ್ತೂರು, ಸುಳ್ಯ, ಕಡಬಗಳ ನಮ್ಮ ಮನೆಗಳಲ್ಲಿಯೂ ಸ್ತನದ ಗಂಟನ್ನು ನಾಚಿಕೆಯಿಂದ ಮರೆಮಾಡುವ ತಾಯಂದಿರುಂಟು. ನೋವಿಲ್ಲವಲ್ಲಾ ಎಂದು ಹೇಳುತ್ತಾರೆ. ಆದರೆ ಕ್ಯಾನ್ಸರಿನ ಗಂಟು ಆರಂಭದಲ್ಲಿ ಹೆಚ್ಚಾಗಿ ನೋಯುವದೇ ಇಲ್ಲ. ತೊಟ್ಟು ಒಳಸೇರುವದು, ಚರ್ಮವು ಕುಳಿಬೀಳುವದು, ತೊಟ್ಟಿನಿಂದ ರಕ್ತವೊಸರುವದು, ಕಂಕುಳಲ್ಲಿ ಗಡ್ಡೆ ಏಳುವದು, ಇವೂ ಅದರ ಗುರುತುಗಳಾಗಿರಬಹುದು. ಗಂಟುಗಳೆಲ್ಲಾ ಕ್ಯಾನ್ಸರಲ್ಲ, ನಿಜ; ಆದರೆ ಸೂಜಿಯಿಂದ ತುಣುಕು ತೆಗೆದು ಪರೀಕ್ಷಿಸದೆ ಅದನ್ನು ಹೇಳುವವರಾರು? ಲೇಪ ಹಚ್ಚುವವನು ಹೇಳಲಾರನು.

ಗಂಟು ಚಿಕ್ಕದಿರುವಾಗಲೇ ಹೋದರೆ ಅನೇಕರಿಗೆ ಸ್ತನವನ್ನು ಪೂರಾ ತೆಗೆಯದೆ ಗಂಟನ್ನು ಮಾತ್ರ ಕೊಯ್ದು, ಬಳಿಕ ಕಿರಣಚಿಕಿತ್ಸೆ ಕೊಡುತ್ತಾರೆ. ಕೆಲವರಿಗೆ ರಕ್ತನಾಳದಲ್ಲಿ ಔಷಧವನ್ನೂ, ಕೆಲವರಿಗೆ ಐದು ವರುಷ ಅಥವಾ ಹೆಚ್ಚು ಕಾಲ ಗುಳಿಗೆಯನ್ನೂ ಕೊಡುವದುಂಟು. ಔಷಧದಿಂದ ಉದುರಿದ ಕೂದಲು ಸಾಮಾನ್ಯವಾಗಿ ಮತ್ತೆ ಬೆಳೆಯುವದು. ಇಂಥ ಚಿಕಿತ್ಸೆ ಮಂಗಳೂರಿನಲ್ಲಿ ದೊರೆಯುತ್ತದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ೧೯೭೩ರಿಂದ ಇದೇ ರೋಗಕ್ಕಾಗಿ ಇದೆ.

ಗಂಡಂದಿರೇ, ಅಡಿಕೆಕೊಯ್ಲು ಮುಗಿಯಲಿ ಎನ್ನಬೇಡಿರಿ. ಈ ವಾರವೇ ತಾಲೂಕು ಆಸ್ಪತ್ರೆಗೆ ಆಕೆಯ ಜೊತೆಯಲ್ಲಿ ನೀವೂ ಹೋಗಿರಿ.