ಕಾಣದ ಪಾಲುಗಾರ

ಒಂದು ಪದಾರ್ಥವನ್ನು ಹಲವರು ಹಂಚಿಕೊಳ್ಳಬೇಕಾದಾಗ, ಎದುರಿಗೆ ಕುಳಿತವನಿಗೆ ನ್ಯಾಯವಾಗಿ ಪಾಲಿಡುವುದು ಅಷ್ಟು ಕಷ್ಟವಲ್ಲ. ಅವನ ಮುಖವೇ ನಮ್ಮ ಕೈಯನ್ನು ತಡೆಯುತ್ತದೆ. ಆದರೆ ಪಾಲಿಗೆ ಹಕ್ಕುಳ್ಳವನು ಹತ್ತು ಹರಿದಾರಿಯ ಆಚೆಗಿದ್ದರೆ, ಅಥವಾ ಇನ್ನೂ ಹುಟ್ಟಿಯೇ ಇಲ್ಲದಿದ್ದರೆ, ಅವನಿಗೆ ನಾವು ಸಲ್ಲಿಸುವುದು ಧರ್ಮವೋ ದಾನವೋ? ಧರ್ಮವಾದರೆ ಸಲ್ಲಿಸದಿದ್ದಲ್ಲಿ ದೋಷವುಂಟು. ದಾನವಾದರೆ ಸಲ್ಲಿಸದಿದ್ದರೂ ಕೇಳುವವರಿಲ್ಲ. ಕನ್ನಂಬಾಡಿ ಕಟ್ಟೆಯ ನೀರಿನಿಂದ ಬದುಕುವ ನಮ್ಮ ಜಿಲ್ಲೆಯವರಿಗೆ ಇದು ಕೇವಲ ತರ್ಕಶಾಲೆಯ ಪ್ರಶ್ನೆಯಲ್ಲವೆಂಬುದನ್ನು ವಾಚಕರು ಬಲ್ಲರು. ನನಗೆ ಮಾತ್ರ ಇದು ಸ್ಪಷ್ಟವಾಗಿ ತೋರಿದ್ದು ಕಾವೇರಿಯಿಂದ ಬಹುದೂರದ ಒಂದು ಮರುಭೂಮಿಯಲ್ಲಿ.

ಮಗನೋ ಮಗಳೋ ಅಮೆರಿಕೆಯಲ್ಲಿರುವ ಮನೆಗಳು ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಈಗ ಅಪರೂಪವಲ್ಲ. ನನ್ನ ಮಗನೂ, ನನ್ನ ಇಬ್ಬರು ಬಾಲ್ಯಸ್ನೇಹಿತರ ಮಕ್ಕಳೂ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ಉದ್ಯೋಗದಲ್ಲಿದ್ದಾರೆ. ೨೦೨೩ನೆಯ ಇಸವಿಯ ಶರತ್ಕಾಲದಲ್ಲಿ ನಾವು ಮೂವರು ಮುದುಕರು ಏಕಕಾಲಕ್ಕೆ ಅಲ್ಲಿ ಸೇರುವ ಯೋಗವೊದಗಿತು. ಮಕ್ಕಳು ಒಂದು ಮನೆಗಾಡಿಯನ್ನು ಬಾಡಿಗೆಗೆ ಹಿಡಿದು, ಆರು ದಿನಗಳ ಕಾಲ ನಮ್ಮನ್ನು ಅರಿಜೋನಾ, ಯೂಟಾ ಸೀಮೆಗಳ ಕೆಂಗಲ್ಲಿನ ಕಂದರಗಳ ನಡುವೆ ಸುತ್ತಾಡಿಸಿದರು.

ಮನೆಗಾಡಿಯೆಂದರೆ ನಮ್ಮ ಬಸ್ಸಿನಷ್ಟು ದೊಡ್ಡದಾದ ವಾಹನ. ಒಳಗೆ ಹಾಸಿಗೆ, ಒಲೆ, ಬಚ್ಚಲು, ಶೌಚಗೃಹ ಎಲ್ಲವೂ ಉಂಟು. ನೆಲದ ಕೆಳಗೆ ಸುಮಾರು ೨೦೦ ಲೀಟರಿನ ಸಿಹಿನೀರಿನ ತೊಟ್ಟಿ. ಅದಲ್ಲದೆ ಇನ್ನೆರಡು ತೊಟ್ಟಿಗಳಿವೆ. ತೊಳೆದ, ಮಿಂದ ನೀರಿಗೊಂದು, ಶೌಚಕ್ಕೊಂದು. ಇವನ್ನು ಕಂಡಕಂಡಲ್ಲಿ ಬರಿದುಮಾಡುವಂತಿಲ್ಲ. ಅದಕ್ಕಾಗಿಯೇ ಏರ್ಪಟ್ಟ ಸ್ಥಳಕ್ಕೆ ಹೋಗುವವರೆಗೆ ನಾವು ಮಲಿನಮಾಡಿದುದೆಲ್ಲವೂ ನಮ್ಮೊಡನೆಯೇ ಪ್ರಯಾಣಮಾಡುತ್ತದೆ. ಗೋಡೆಯ ಮೇಲೆ ನಾಲ್ಕು ಪುಟ್ಟ ದೀಪಗಳು ತೊಟ್ಟಿಯಲ್ಲಿ ಎಷ್ಟು ನೀರುಳಿದಿದೆಯೆಂಬುದನ್ನು ತೋರಿಸುತ್ತಿರುತ್ತವೆ. ಆರು ಜನ, ಇನ್ನೂರು ಲೀಟರು, ಮುಂದಿನ ನಲ್ಲಿಗೆ ಎರಡು ದಿನದ ದಾರಿ. (ಪ್ರಾತಃಸ್ನಾನದ ಸುಖವು ನೀರಿನ ಪ್ರಮಾಣವನ್ನು ಅವಲಂಬಿಸಿಲ್ಲವೆಂಬುದನ್ನು ಅರುವತ್ತು ದಾಟಿದ ಮೇಲೆ ನಾನಲ್ಲಿ ಕಲಿತೆನು. ಎರಡು ಚೊಂಬು ಸಾಕು.)

ಎರಡನೆಯ ದೀಪವು ಆರಿದ ಸಂಜೆ, ಮಂಡ್ಯದ ನಮ್ಮ ಸ್ನೇಹಿತರು ತಾವಾಗಿಯೇ ತೊಟ್ಟಿಯ ಕಾವಲುಗಾರರಾದರು. ಪಾತ್ರೆ ತೊಳೆಯುವವರ ಹಿಂದೆಯೇ ನಿಂತು ನಲ್ಲಿ ತಿರುಗಿಸುವರು. ಇವರ ಗದ್ದೆಯು ವಿಶ್ವೇಶ್ವರಯ್ಯ ನಾಲೆಯ ಒಂದು ಕವಲಿನಲ್ಲಿ ತೂಬಿಗೆ ಸಮೀಪವಾಗಿದೆ. ಮಳವಳ್ಳಿಯ ಸ್ನೇಹಿತರದು ನಾಲೆಯ ಕೊನೆಯ ಭಾಗ. ಎಷ್ಟೋ ವರ್ಷ ನೀರಿಲ್ಲದೆ ಪೈರು ಒಣಗಿದ್ದನ್ನು ಕಂಡವರು. ಅವರು ನಗುತ್ತ, "ಈ ಬುದ್ಧಿ ತೂಬಿನ ತಾವ್ಲೂ ಇದ್ದಿದ್ರೆ ನನ್ನ ಗದ್ದೆ ಯಾಕೆ ಒಣಗ್ತಿತ್ತು, ಹೇಳಯ್ಯ!" ಎಂದರು. ಇವರು ಅಷ್ಟೇ ಸರಾಗವಾಗಿ, "ಅಲ್ಲಿ ನಿನ್ನ ಮೊಖ ನಂಗೆಲ್ಲಿ ಕಾಣ್ತಿತ್ತು? ಇಲ್ಲಿ ಎದುರಿಗೇ ಕೂತಿದ್ದೀಯಲ್ಲ" ಎಂದುಬಿಟ್ಟರು. ಎಲ್ಲರೂ ನಕ್ಕರು. ನಾನೂ ನಕ್ಕೆನು. ಆದರೆ ರಾತ್ರಿ ನಿದ್ರೆ ಬಾರದಾಯಿತು.

ಏಕೆಂದರೆ ಆ ಉತ್ತರವು ಸತ್ಯವಾದುದು. ತೊಟ್ಟಿಯ ಬಳಿ ನಿಂತವನೂ ತೂಬಿನ ಬಳಿ ನಿಂತವನೂ ಒಬ್ಬನೇ ಮನುಷ್ಯನು, ಒಂದೇ ಸಂಸ್ಕಾರದವನು. ತೂಬಿನ ಬಳಿ ಅವನು ಲೋಭಿಯಾಗುವುದಿಲ್ಲ. ಅವನ ಪಾಲಿಗೆ ಎರಡನೆಯವನು ಇರುವುದೇ ಇಲ್ಲ, ಅಷ್ಟೆ. ನೀತಿಬೋಧೆಯಲ್ಲಿ ನಾವು ಮಕ್ಕಳಿಗೆ ಲೋಭವನ್ನು ಬಿಡೆಂದು ಹೇಳುತ್ತ ಬಂದಿದ್ದೇವೆ. ಲೋಭವೇ ಇಲ್ಲದ ಸಜ್ಜನನಿಂದ ಆಗುವ ಅನ್ಯಾಯಕ್ಕೆ ನಮ್ಮ ಬೋಧೆಯಲ್ಲಿ ಮದ್ದಿಲ್ಲ.

ಮರುದಿನ ಕಂಡ ದೇಶವೇ ಇದಕ್ಕೆ ದೊಡ್ಡ ನಿದರ್ಶನವಾಯಿತು. ಕೊಲೊರಾಡೊ ನದಿಯು ಕೊರೆದ ಮಹಾಕಂದರವು ೪೪೬ ಕಿಲೋಮೀಟರು ಉದ್ದ, ಒಂದು ಮೈಲಿಗೂ ಮಿಕ್ಕ ಆಳ. ತಳದ ಕಲ್ಲು ಸುಮಾರು ೧೭೦ ಕೋಟಿ ವರ್ಷಗಳದೆಂದು ಭೂಶಾಸ್ತ್ರಜ್ಞರ ಗಣನೆ. ಅದರ ಹೆಸರು ವಿಷ್ಣುಶಿಲೆ. ಅಲ್ಲಿ ವಿಷ್ಣುದೇಗುಲ, ಶಿವದೇಗುಲವೆಂಬ ಶಿಖರಗಳೂ ಇವೆ. ಕ್ಲಾರೆನ್ಸ್ ಡಟ್ಟನ್ ಎಂಬ ಭೂವಿಜ್ಞಾನಿಯು ಇಟ್ಟ ಹೆಸರುಗಳು. ನಮ್ಮ ದೇವರ ಹೆಸರನ್ನು ಕೇಳಿ ಮದ್ದೂರಿನವನಾದ ನನಗೆ ಹಿಗ್ಗಾದದ್ದು ಸಹಜವೇ. ಆದರೆ ಡಟ್ಟನ್ನನ ಗ್ರಂಥವು ಪ್ರಕಟವಾದ ೧೮೮೨ರಲ್ಲೇ, ಆ ಕಂದರದಲ್ಲಿ ಅನಾದಿಯಿಂದ ವಾಸವಾಗಿದ್ದ ಹವಸುಪಾಯಿ ಜನರಿಗೆ ಸರ್ಕಾರವು ೫೧೮ ಎಕರೆ ನೆಲವನ್ನು ಮಾತ್ರ ಉಳಿಸಿತು. ನೋಡದ ದೇವರಿಗೆ ಶಿಖರಗಳು ದೊರೆತುವು. ಕಣ್ಣೆದುರಿನ ಜನಕ್ಕೆ ಇಕ್ಕಟ್ಟಾದ ಒಂದು ತಗ್ಗು. ಬಹುಭಾಗ ಭೂಮಿಯು ಅವರಿಗೆ ಮರಳಿದ್ದು ೧೯೭೫ರಲ್ಲಿ.

ನೀರಿನ ವಿಷಯಕ್ಕೆ ಬರೋಣ. ೧೯೨೨ರಲ್ಲಿ ಆ ನದಿಯ ಏಳು ಸಂಸ್ಥಾನಗಳು ಒಡಂಬಡಿಕೆ ಮಾಡಿಕೊಂಡು, ಮೇಲಿನ ಪಾತ್ರಕ್ಕೆ ೭೫ ಲಕ್ಷ ಎಕರೆ-ಅಡಿ, ಕೆಳಗಿನ ಪಾತ್ರಕ್ಕೆ ಅಷ್ಟೇ, ಎಂದು ನೀರನ್ನು ಭಾಗಮಾಡಿಕೊಂಡವು. ಲೆಕ್ಕಕ್ಕೆ ಹಿಡಿದ ವರ್ಷಗಳು ಸುಭಿಕ್ಷದ ವರ್ಷಗಳಾದುದರಿಂದ, ನದಿಯಲ್ಲಿ ಸಾಮಾನ್ಯವಾಗಿ ಹರಿಯುವುದಕ್ಕಿಂತ ಹೆಚ್ಚು ನೀರು ಕಾಗದದ ಮೇಲೆ ಹಂಚಿಹೋಯಿತು. ಮೂಲನಿವಾಸಿಗಳನ್ನು ಆ ಸಭೆಗೆ ಕರೆಯಲಿಲ್ಲ. ನದೀಮುಖದಲ್ಲಿರುವ ಮೆಕ್ಸಿಕೋ ದೇಶಕ್ಕೆ ಪಾಲು ಗೊತ್ತಾದದ್ದು ೧೯೪೪ರಲ್ಲಿ. ಸಮುದ್ರಕ್ಕಂತೂ ಯಾರೂ ಪಾಲಿಡಲಿಲ್ಲ. ೧೯೬೦ರ ದಶಕದಿಂದೀಚೆಗೆ ಆ ನದಿಯು ಕಡಲನ್ನು ಮುಟ್ಟುವುದೇ ಅಪೂರ್ವ. ಗ್ಲೆನ್ ಕಂದರದ ಅಣೆಕಟ್ಟಿನ ಹಿಂದೆ ಕೆಂಪು ಬಂಡೆಗಳ ಮೇಲೆ ಬಿಳಿಯ ಪಟ್ಟೆಯೊಂದು ಕಾಣುತ್ತದೆ; ಹಿಂದೆ ನೀರು ನಿಂತಿದ್ದ ಗುರುತು. ಸುತ್ತಲಿನ ನವಾಜೋ ಜನರ ಸೀಮೆಯಲ್ಲಿ ಎಷ್ಟೋ ಮನೆಗಳವರು ಇಂದಿಗೂ ದೂರದಿಂದ ಪೀಪಾಯಿಗಳಲ್ಲಿ ನೀರು ತರುತ್ತಾರೆ. ನಾವು ಆರು ದಿನ ವಿನೋದಕ್ಕಾಗಿ ಮಾಡಿದ ವ್ರತವು ಅವರಿಗೆ ಜೀವಮಾನದ್ದು. ಅವರಿಗಾಗಿ ನೀರಿನ ಏರ್ಪಾಡು ಮಾಡುವ ಬಾಧ್ಯತೆಯು ೧೮೬೮ರ ಸಂಧಿಯಿಂದ ಸರ್ಕಾರಕ್ಕೆ ಬರುವುದಿಲ್ಲವೆಂದು ಆ ದೇಶದ ಶ್ರೇಷ್ಠ ನ್ಯಾಯಾಲಯವು ೨೦೨೩ರಲ್ಲಿ, ಐವರಿಗೆ ನಾಲ್ವರ ಬಹುಮತದಿಂದ ತೀರ್ಪಿತ್ತಿತು.

ಇದನ್ನೆಲ್ಲ ಕಂಡು ಪರದೇಶದವರನ್ನು ನಿಂದಿಸುವುದು ಸುಲಭ. ನಮ್ಮ ಶಾಸ್ತ್ರಗಳಲ್ಲಿ ಈ ಪ್ರಶ್ನೆಗೆ ಉತ್ತರವುಂಟೇ ಎಂಬುದೇ ನನ್ನ ವಿಚಾರ. ಉಂಟು, ಅದೂ ನಮ್ಮ ನಾಡಿನಲ್ಲೇ, ಚಾಲುಕ್ಯರ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯಲ್ಲಿ. ಅಣ್ಣತಮ್ಮಂದಿರು ಪಾಲಾಗುವಾಗ, ತೀರಿಕೊಂಡ ಸೋದರನ ಹೆಂಡತಿಯು ಗರ್ಭಿಣಿಯೆಂಬುದು ಸ್ಪಷ್ಟವಾಗಿದ್ದರೆ, ಹೆರಿಗೆಯಾಗುವವರೆಗೆ ಕಾದು ಅನಂತರ ಭಾಗಮಾಡಬೇಕೆಂದು ಅಲ್ಲಿ ನಿರ್ಣಯವಿದೆ. ಗರ್ಭವು ಅಸ್ಪಷ್ಟವಾಗಿದ್ದು, ವಿಭಾಗವಾದಮೇಲೆ ಮಗನು ಹುಟ್ಟಿದರೆ, ಆಯವ್ಯಯಗಳನ್ನು ಸರಿದೂಗಿಸಿ ಉಳಿದಿರುವ ಸೊತ್ತಿನಿಂದ ಅವನಿಗೆ ಪಾಲು ಕೊಡಬೇಕು. ಹುಟ್ಟದವನಿಗೆ ಸಲ್ಲುವುದು ಇಲ್ಲಿ ದಾಯ, ದಾನವಲ್ಲ.

ಕಾಣದವರು ಅಸಂಖ್ಯಾತರು, ಎಲ್ಲರ ಚಿಂತೆಯನ್ನು ಹೊತ್ತರೆ ಯಾವನೂ ಒಂದು ಮಡಿ ಗದ್ದೆಯನ್ನೂ ನೆನೆಸಲಾರನು ಎಂಬ ಆಕ್ಷೇಪಕ್ಕೂ ಇದರಲ್ಲೇ ಸಮಾಧಾನವಿದೆ. ಊಹೆಗೆ ಬಂದವರೆಲ್ಲರಿಗೂ ಕಾಯಬೇಕೆಂದು ಶಾಸ್ತ್ರವು ಹೇಳಲಿಲ್ಲ. ಚಿಹ್ನೆಯು ಸ್ಪಷ್ಟವಾಗಿರುವವನಿಗೆ ಕಾಯಬೇಕೆಂದಿತು. ಕೊನೆಯ ಭಾಗದ ರೈತನ ಮುಖವು ಕಾಣದಿರಬಹುದು. ಒಣಗಿದ ಕಾಲುವೆಯು ಕಾಣದೇ? ಆದರೂ ಹಸಿದವನಿಗೆ, ಸಾಲಗಾರನಿಗೆ, ಪೈರು ಕೈಬಿಡುವ ಭಯದಲ್ಲಿ ರಾತ್ರಿ ತೂಬಿಗೆ ಕೈಹಾಕುವವನಿಗೆ ಮಿತಾಕ್ಷರೆಯನ್ನು ಓದಿಹೇಳಲು ನನಗೆ ಬಾಯಿ ಬಾರದು. ಮನೆಗಾಡಿಯಲ್ಲಿ ನಮ್ಮೆಲ್ಲರ ಹೊಟ್ಟೆ ತುಂಬಿತ್ತು.

ಇದಕ್ಕಿಂತ ತೊಡಕಿನ ಸಂಗತಿಯೊಂದಿದೆ. ಹಿಂದೆ ನಮ್ಮ ಕೆರೆಗಳಲ್ಲಿ ತೂಬೆತ್ತಿ ಗದ್ದೆಗದ್ದೆಗೂ ನೀರು ಹಂಚುತ್ತಿದ್ದವನು ನೀರುಗಂಟಿ. ಪಕ್ಷಪಾತವಿರದಂತೆ ಅಳೆಯುವುದೇ ಅವನ ವೃತ್ತಿ. ಎಷ್ಟೋ ಗ್ರಾಮಗಳಲ್ಲಿ ಅವನು ಹೊಲಗೇರಿಯವನಾಗಿದ್ದನು. ಊರಿಗೆಲ್ಲ ನೀರು ಹಂಚಿದವನಿಗೆ ಊರ ಬಾವಿಯಲ್ಲಿ ಒಂದು ಕೊಡ ಸೇದುವ ಹಕ್ಕಿರಲಿಲ್ಲ. ಅವನು ದಿನವೂ ಕಣ್ಣೆದುರಿಗೆ ಇದ್ದನಷ್ಟೆ. ಮುಖ ಕಂಡರೆ ಸಾಕು, ನ್ಯಾಯವು ತಾನಾಗಿ ಬರುವುದೆಂಬ ನಮ್ಮ ಸ್ನೇಹಿತರ ಮಾತು ಇಲ್ಲಿ ನಿಲ್ಲುವುದಿಲ್ಲ. ಕಣ್ಣಿಗೆ ಕಂಡವನನ್ನು ಪಾಲುಗಾರನೆಂದು ಎಣಿಸುವುದು ಬೇರೆಯೇ ಒಂದು ಕಾರ್ಯ. ಪಾಲುಪಟ್ಟಿಯಲ್ಲಿ ಹೆಸರಿರಬೇಕು.

ಆದುದರಿಂದಲೇ ೨೦೦೭ರ ಕಾವೇರಿ ತೀರ್ಪಿನಲ್ಲಿ ನಮ್ಮವರು ಸಾಮಾನ್ಯವಾಗಿ ಓದದ ಒಂದು ಅಂಶವು ನನಗೆ ಮಹತ್ತಾಗಿ ತೋರುತ್ತದೆ. ನ್ಯಾಯಮಂಡಲಿಯು ೭೪೦ ಟಿ.ಎಂ.ಸಿ. ನೀರನ್ನು ಹಂಚುವಾಗ, ೧೦ ಟಿ.ಎಂ.ಸಿ.ಯನ್ನು ಪರಿಸರ ರಕ್ಷಣೆಗೂ, ೪ ಟಿ.ಎಂ.ಸಿ.ಯನ್ನು ಅನಿವಾರ್ಯವಾಗಿ ಸಮುದ್ರಕ್ಕೆ ಸೇರುವ ನೀರೆಂದೂ ಲೆಕ್ಕಕ್ಕೆ ಹಿಡಿಯಿತು. ನಮಗೆ ೨೭೦ ಬಂದದ್ದು, ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ೨೮೪.೭೫ಕ್ಕೆ ಏರಿಸಿದ್ದು, ಅದು ಸಾಕೇ ಸಾಲದೇ ಎಂಬುದು ಎಲ್ಲರ ಬಾಯಲ್ಲಿದೆ. ಆ ಹದಿನಾಲ್ಕರ ಮಾತು ಯಾರ ಬಾಯಲ್ಲಿಯೂ ಇಲ್ಲ. ಕೊಲೊರಾಡೊ ನದಿಗೂ ೨೦೧೪ರ ವಸಂತದಲ್ಲಿ ಎರಡು ಸರ್ಕಾರಗಳು ಕೂಡಿ ಎಂಟು ವಾರ ಕಾಲ ನೀರು ಬಿಟ್ಟುವು. ಒಣಗಿದ್ದ ಪಾತ್ರದಲ್ಲಿ ನದಿಯು ಹರಿದು ಕಡಲನ್ನು ಮುಟ್ಟಿತು. ದಡದ ಊರಿನವರು ಹಬ್ಬವೆಂಬಂತೆ ನೆರೆದರು. ಅದು ದಾನ. ಬಿಡದಿದ್ದರೂ ಆಗ ಕೇಳುವವರಿರಲಿಲ್ಲ.

ನಮ್ಮ ನಾಲೆಯಲ್ಲಿ ಕಟ್ಟು ಪದ್ಧತಿಯಂತೆ ನೀರು ಬಿಡುವಾಗ ಮೊದಲು ಕೊನೆಯ ಭಾಗಕ್ಕೆ ಮುಟ್ಟಿಸಿ, ಅಲ್ಲಿಂದ ಮೇಲ್ಮೇಲಕ್ಕೆ ಬರಬೇಕೆಂಬ ಮಾತನ್ನು ಊರಿಗೆ ಬಂದಮೇಲೆ ನಾವು ಮೂವರೂ ನಾಲ್ಕಾರು ಕಡೆ ಆಡಿದ್ದೇವೆ. ಮಳವಳ್ಳಿ ಕಡೆಯವರು ಒಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ. ತೂಬಿನ ಹತ್ತಿರದವರಲ್ಲಿಯೂ ಕೆಲವರು ತಲೆದೂಗಿದರು. ಮೇಲಿನ ತೂಬುಗಳು ಮುಚ್ಚಿರುವ ಆ ರಾತ್ರಿಗಳಲ್ಲಿ ದಂಡೆಯ ಮೇಲೆ ಎಚ್ಚರವಾಗಿ ಕೂರುವವರು ಯಾರೆಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.