ಹಾರದ ದಿನದ ಸಂಬಳ

ನಮ್ಮ ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಕಾಯುವವರು ಮಾತಾಡುವ ವಿಷಯ ಎರಡೇ. ಒಂದು, ಬಸ್ಸು ಯಾಕೆ ಬರಲಿಲ್ಲ. ಇನ್ನೊಂದು, ಯಾರ ಮಕ್ಕಳಿಗೆ ಎಷ್ಟು ಸಂಬಳ. ಈ ಊರಿಗೆ ಜೋಡುಮಾರ್ಗ ಎಂಬ ಹೆಸರೂ ಉಂಟು. ಮಂಗಳೂರಿನಿಂದ ಬಂದ ದಾರಿ ಇಲ್ಲಿ ಕವಲೊಡೆದು, ಒಂದು ನೇತ್ರಾವತಿ ದಾಟಿ ಪುತ್ತೂರಿನ ಕಡೆಗೆ, ಇನ್ನೊಂದು ಬಂಟ್ವಾಳ ಪೇಟೆ ಹಾದು ಬೆಳ್ತಂಗಡಿಯ ಕಡೆಗೆ ಹೋಗುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಕಷ್ಟ ಇಲ್ಲಿಯವರಿಗೆ ಹೊಸದಲ್ಲ.

ಕಳೆದ ಬೇಸಗೆಯಲ್ಲಿ ನನ್ನ ತಂಗಿಯ ಮಗಳು ಅಂಥದೇ ಒಂದು ಕವಲನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ನಾನು ಅಂಗಳದಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸುತ್ತಿದ್ದೆ. ಅವಳ ಕೈಯಲ್ಲಿ ಎರಡು ಕಾಗದ. ಎರಡೂ ವಿಮಾನ ಹಾರಿಸಲು ಕಲಿಸುವ ಶಾಲೆಗಳಿಂದ ಬಂದ ಕೆಲಸದ ಕರೆ.

ಅವಳು ಪೈಲಟ್ ಆಗುತ್ತೇನೆಂದಾಗ ನಮ್ಮಲ್ಲಿ ಕೆಲವರು ಮೂಗು ಮುರಿದಿದ್ದರು. 1936ರಲ್ಲೇ ಲಾಹೋರಿನಲ್ಲಿ ಸರಳಾ ಥಕ್ರಾಲ್ ಎಂಬ ತರುಣಿ, ಪುಟ್ಟ ಮಗುವಿನ ತಾಯಿ, ಸೀರೆಯುಟ್ಟೇ ವಿಮಾನ ಹಾರಿಸಿದ್ದರು ಎಂದು ಹೇಳಿ ನಾನು ಅವರ ಬಾಯಿ ಮುಚ್ಚಿಸಿದ್ದೆ. ಆದರೆ ಸಾಲದ ಬಾಯಿ ಮುಚ್ಚಿಸಲು ಯಾರಿಗೂ ಆಗುವುದಿಲ್ಲ. ವೃತ್ತಿಯ ಪರವಾನಗಿ ಸಿಗಬೇಕಾದರೆ ನಮ್ಮ ದೇಶದಲ್ಲಿ 200 ಗಂಟೆ ಹಾರಿರಬೇಕು. ಆ ಒಂದೊಂದು ಗಂಟೆಗೂ ಹಣ ಸುರಿಯಬೇಕು. ತಂಗಿಯ ಗಂಡ ಅಡಿಕೆ ತೋಟವನ್ನು ಅಡವಿಟ್ಟಿದ್ದಾರೆ. ಪರವಾನಗಿ ಬಂತು, ದೊಡ್ಡ ಕಂಪನಿಯ ಕೆಲಸ ಬರಲಿಲ್ಲ. ಹುಡುಗಿ ಸುಮ್ಮನೆ ಕೂರದೆ ಸಹಾಯಕ ಬೋಧಕಿಯ ಅರ್ಹತೆಯನ್ನೂ ಪಡೆದುಕೊಂಡಳು.

"ದೊಡ್ಡಮ್ಮ, ನೀವು ಟೀಚರ್ ಆಗಿದ್ದವರು. ಇದರಲ್ಲಿ ಯಾವುದು ಒಳ್ಳೆಯದು ಹೇಳಿ" ಎಂದಳು.

ಮೊದಲನೆಯ ಶಾಲೆ ಹಾರಿದ ಗಂಟೆಗೆ ಇಷ್ಟು ಎಂದು ಕೊಡುತ್ತದೆ. ದರ ಚೆನ್ನಾಗಿಯೇ ಇತ್ತು. ಎರಡನೆಯದು ತಿಂಗಳಿಗೆ ಇಷ್ಟು ಎಂದು ಕೊಡುತ್ತದೆ, ಹಾರಿದರೂ ಸೈ, ಹಾರದಿದ್ದರೂ ಸೈ. ಅದು ಕಡಿಮೆ. ತಂಗಿ ಆಗಲೇ ಫೋನಿನಲ್ಲಿ ಹೇಳಿದ್ದಳು, "ಅಕ್ಕ, ಬ್ಯಾಂಕಿನವರು ಕಾಯುವುದಿಲ್ಲ, ಜಾಸ್ತಿ ಕೊಡುವ ಕಡೆ ಕಳಿಸಿ."

ನಾವಿಬ್ಬರೂ ಜಗಲಿಯಲ್ಲಿ ಕುಳಿತು ಲೆಕ್ಕ ಹಾಕಿದೆವು. ಸುಲಭವಾಗಲೆಂದು ಗಂಟೆಗೆ 1,000 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 60 ಗಂಟೆ ಹಾರಿದರೆ 60,000. ಮಳೆಗಾಲದಲ್ಲಿ ಮೋಡ ಕವಿದು 20 ಗಂಟೆಯಷ್ಟೇ ಹಾರಿದರೆ 20,000. ವಿಮಾನ ದುರಸ್ತಿಗೆ ನಿಂತರೆ ಅದೂ ಇಲ್ಲ. ಹಾರುವ ಮೊದಲು ಪಾಠ ಹೇಳುವುದು, ಇಳಿದ ಮೇಲೆ ತಪ್ಪು ತಿದ್ದುವುದು, ಮಂಜು ಕರಗಲೆಂದು ಬೆಳಗಿನಿಂದ ಕಾಯುವುದು, ಇದೆಲ್ಲ ಕೆಲಸವೇ. ಆದರೆ ಲೆಕ್ಕಕ್ಕಿಲ್ಲ.

ಇದನ್ನು ಕೇಳುತ್ತಾ ನನಗೆ ನೆನಪಾದದ್ದು ಪಕ್ಕದ ಮನೆಯ ಅಕ್ಕ. ನಮ್ಮ ಬಂಟ್ವಾಳ ತಾಲೂಕಿನಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ಎಷ್ಟೋ ಮಂದಿ. ಅವರಿಗೆ ಸಿಗುವುದು ಸಾವಿರ ಬೀಡಿಗೆ ಇಷ್ಟು ಎಂದು. ಎಲೆ ನೆನೆಸಿದ್ದು, ಕತ್ತರಿಸಿದ್ದು, ಬ್ರಾಂಚಿಗೆ ನಡೆದು ಹೋಗಿ ಸಾಲಿನಲ್ಲಿ ನಿಂತದ್ದು ಯಾವ ಪುಸ್ತಕದಲ್ಲೂ ಬರೆಯಲ್ಪಡುವುದಿಲ್ಲ. ಆಕಾಶದಲ್ಲಿ ಕಲಿಸುವವಳ ಲೆಕ್ಕವೂ ಮಡಿಲಲ್ಲಿ ತಡ್ಪೆ ಇಟ್ಟುಕೊಂಡವಳ ಲೆಕ್ಕವೂ ಒಂದೇ ಜಾತಿಯದು ಎಂದು ತಿಳಿದಾಗ ನನಗೆ ನಗುವೂ ಬಂತು, ಬೇಸರವೂ ಆಯಿತು.

ಆದರೆ ಒಂದು ವ್ಯತ್ಯಾಸವಿದೆ. ಬೀಡಿಯನ್ನು ಅವಸರದಲ್ಲಿ ಕಟ್ಟಿದರೆ ಬ್ರಾಂಚಿನವರು ತೆಗೆದು ಬದಿಗಿಡುತ್ತಾರೆ. ವಿದ್ಯಾರ್ಥಿಯನ್ನು ಅವಸರದಲ್ಲಿ ತಯಾರು ಮಾಡಿದರೆ ಬದಿಗಿಡುವವರು ಯಾರು? ಅದು ಗೊತ್ತಾಗುವ ಹೊತ್ತಿಗೆ ಅವನ ಹಿಂದೆ ನೂರಾರು ಮಂದಿ ಕುಳಿತಿರುತ್ತಾರೆ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಬಿಡಬೇಕು. ಶಾಲೆಯ ಕೆಲಸದ ಜತೆಗೆ ನಾನು ಕೆಲವು ವರ್ಷ ಮನೆಯಲ್ಲಿ ಟ್ಯೂಷನ್ ಹೇಳುತ್ತಿದ್ದೆ, ತಲೆಗೆ ಇಷ್ಟು ಎಂದು. ಒಬ್ಬಳು ಹುಡುಗಿ ಲೆಕ್ಕದಲ್ಲಿ ಹಿಂದೆ ಇದ್ದವಳು ದೀಪಾವಳಿಯ ಹೊತ್ತಿಗೆ ಚೆನ್ನಾಗಿ ಕಲಿತುಬಿಟ್ಟಳು. ಅವಳಿಗೆ ಇನ್ನು ನಾನು ಬೇಕಿರಲಿಲ್ಲ. ಅವಳ ತಾಯಿ ಮನೆಗೆಲಸಕ್ಕೆ ಹೋಗಿ ಫೀಸು ತರುತ್ತಿದ್ದವರು. "ಇನ್ನು ಸಾಕು, ಕಳಿಸಬೇಡಿ" ಎಂದು ಹೇಳುವುದು ನನ್ನ ಧರ್ಮವಾಗಿತ್ತು. ನಾನು ಹೇಳಲಿಲ್ಲ. ಆ ವರ್ಷ ನಮ್ಮ ಮನೆಯ ಮಾಡಿಗೆ ಹೆಂಚು ಬದಲಿಸಬೇಕಿತ್ತು. ಪರೀಕ್ಷೆಯವರೆಗೂ ಅವಳನ್ನು ಕೂರಿಸಿಕೊಂಡೆ. ನಾನು ಸುಳ್ಳು ಹೇಳಲಿಲ್ಲ, ಕದಿಯಲೂ ಇಲ್ಲ. ಆದರೆ ನನಗೆ ಹಣ ಬರುವ ರೀತಿ ನನ್ನ ಬಾಯಿಯನ್ನು ಮೆಲ್ಲಗೆ ಕಟ್ಟಿತ್ತು. ಆ ಹೆಂಚು ಈಗಲೂ ನಮ್ಮ ತಲೆಯ ಮೇಲಿದೆ.

ಅಂದಿನಿಂದ ನನಗೊಂದು ಸಂಶಯ. ಸಂಬಳ ಎನ್ನುವುದು ಮಾಡಿದ ಕೆಲಸಕ್ಕೆ ಸಿಗುವ ಬೆಲೆ ಮಾತ್ರವಲ್ಲ, ಅದು ನಮ್ಮನ್ನು ಒಂದು ದಿಕ್ಕಿಗೆ ನಿಧಾನವಾಗಿ ತಳ್ಳುವ ಕೈ. ಎಷ್ಟು ಕೊಡುತ್ತಾರೆ ಎಂಬುದರ ಜತೆಗೆ, ಯಾವುದಕ್ಕೆ ಕೊಡುತ್ತಾರೆ ಎಂದೂ ಕೇಳಬೇಕು. ಗಂಟೆಗೆ ಕೊಟ್ಟರೆ ಗಂಟೆ ಬೆಳೆಯುತ್ತದೆ. ತಲೆಗೆ ಕೊಟ್ಟರೆ ತಲೆ ಬೆಳೆಯುತ್ತದೆ. "ಇವತ್ತು ಬೇಡ" ಎಂಬ ಮಾತಿಗೆ ಯಾರೂ ಕೊಡದಿದ್ದರೆ ಆ ಮಾತು ಒಣಗಿಹೋಗುತ್ತದೆ.

ಹಾರಾಟ ಕಲಿಸುವವರ ದೊಡ್ಡ ವಿದ್ಯೆ ಆ ಮಾತೇ ಅಲ್ಲವೇ? ಇವತ್ತು ಗಾಳಿ ಸರಿಯಿಲ್ಲ, ಬೇಡ. ನೀನಿನ್ನೂ ಒಬ್ಬನೇ ಹಾರಲು ತಯಾರಿಲ್ಲ, ಬೇಡ. ಅದರ ಬೆಲೆ ನಮ್ಮ ಜಿಲ್ಲೆಗೆ ಗೊತ್ತಿದೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಜಪೆಗೆ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು, ಉಳಿದವರು 8 ಮಂದಿ. ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದ್ದರು, ಕ್ಯಾಪ್ಟನ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ತನಿಖೆಯ ವರದಿ ಹೇಳಿತು. ಬೇಡ ಎನ್ನುವುದನ್ನೂ, ಬೇಡ ಎಂದರೆ ಕೇಳುವುದನ್ನೂ ಕಲಿಯಬೇಕು. ಅದರ ಮೊದಲ ಪಾಠ ಆಗುವುದು ಹಾರಾಟ ಶಾಲೆಯಲ್ಲಿ, ಬೋಧಕರ ಪಕ್ಕದ ಸೀಟಿನಲ್ಲಿ.

2009ರ ಫೆಬ್ರವರಿಯಲ್ಲಿ ಅಮೆರಿಕದ ಬಫಲೋ ಊರಿನ ಹತ್ತಿರ ಬಿದ್ದ ಕೋಲ್ಗನ್ ಏರ್ ವಿಮಾನದ ಸಹಪೈಲಟ್ 24 ವರ್ಷದ ತರುಣಿ, ಹಿಂದೆ ಹಾರಾಟ ಬೋಧಕಿಯಾಗಿದ್ದವಳು. ಸಂಬಳ ಸಾಲದೆ ತಾಯಿ ತಂದೆಯ ಜತೆ ದೇಶದ ಇನ್ನೊಂದು ತುದಿಯ ಸಿಯಾಟಲ್‌ನಲ್ಲಿದ್ದು, ರಾತ್ರಿಯಿಡೀ ಪ್ರಯಾಣ ಮಾಡಿ ಕೆಲಸಕ್ಕೆ ಬಂದಿದ್ದಳು. ನೆಗಡಿಯೂ ಇತ್ತು. ರಜೆ ಹಾಕಿದರೆ ಹೋಟೆಲಿನ ಖರ್ಚು ಕೈಯಿಂದ ಕೊಡಬೇಕೆಂದು ಅವಳು ಆಡಿದ ಮಾತು ಧ್ವನಿಮುದ್ರಣದಲ್ಲಿ ಸಿಕ್ಕಿತು. 50 ಮಂದಿ ಸತ್ತ ಆ ಅಪಘಾತಕ್ಕೆ ಮುಖ್ಯ ಕಾರಣ ಕ್ಯಾಪ್ಟನ್ ವಿಮಾನ ನಡೆಸಿದ ತಪ್ಪು ಎಂದೇ ತೀರ್ಮಾನವಾಯಿತು, ಸಂಬಳ ಎಂದಲ್ಲ. ಆದರೂ "ಇವತ್ತು ಬೇಡ" ಎನ್ನಲು ಆ ಹುಡುಗಿಯ ಹತ್ತಿರ ದುಡ್ಡಿರಲಿಲ್ಲ ಎಂಬ ಯೋಚನೆ ನನ್ನನ್ನು ಬಿಡುವುದಿಲ್ಲ.

ಆ ಬಳಿಕ, 2013ರಿಂದ, ಅಲ್ಲಿ ಪ್ರಯಾಣಿಕರ ವಿಮಾನ ನಡೆಸಲು ಸಾಮಾನ್ಯವಾಗಿ 1,500 ಗಂಟೆ ಹಾರಿರಬೇಕೆಂಬ ನಿಯಮ ಬಂತು. ಗಂಟೆ ಕೂಡಿಸಲು ಅನೇಕ ತರುಣರು ಬೋಧಕರಾಗುತ್ತಾರೆ. ಕಲಿಸುವ ಗಂಟೆ ಅವರ ಲಾಗ್ ಪುಸ್ತಕಕ್ಕೂ ಸೇರುತ್ತದೆಯಲ್ಲ. ನಮ್ಮಲ್ಲೂ ಹೀಗೆ ಯೋಚಿಸುವವರಿದ್ದಾರೆ. ಕಲಿಸುವುದು ಮೆಟ್ಟಿಲಾದರೆ ತಪ್ಪೇ? ತಪ್ಪೆಂದು ನಾನು ಹೇಳಲಾರೆ. ನಮ್ಮ ಶಾಲೆಗಳಲ್ಲೂ ಬ್ಯಾಂಕಿನ ಪರೀಕ್ಷೆ ಕಟ್ಟುತ್ತಾ ಎರಡು ವರ್ಷ ಪಾಠ ಮಾಡಿ, ಮಕ್ಕಳ ಪ್ರೀತಿ ಗಳಿಸಿದವರಿದ್ದರು. ಮೆಟ್ಟಿಲು ಹತ್ತಲಿ, ಆದರೆ ಕೆಳಗೆ ನಿಂತ ಮಗುವಿನ ಬೆರಳು ಮೆಟ್ಟದಿರಲಿ ಎಂದಷ್ಟೇ. ಎಲ್ಲರೂ ಹತ್ತಿ ಹೋದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ದೂರವಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ 1949ರಷ್ಟು ಹಳೆಯ ಸರಕಾರಿ ಹಾರಾಟ ಶಾಲೆಯಿದೆ. ತಕ್ಕ ಬೋಧಕರು ಸಿಗದೆ ಅಲ್ಲಿಯ ತರಬೇತಿ ಕುಂಟಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವು ಓದಿದ್ದೇವೆ.

"ಎರಡೂ ಕಡೆಗೆ ಒಂದೇ ಪ್ರಶ್ನೆ ಬರೆದು ಕೇಳು" ಎಂದೆ. "ಹವಾಮಾನ ಸರಿಯಿಲ್ಲವೆಂದೋ ವಿದ್ಯಾರ್ಥಿ ತಯಾರಿಲ್ಲವೆಂದೋ ನಾನು ಹಾರಾಟ ನಿಲ್ಲಿಸಿದ ದಿನ ನನ್ನ ಸಂಬಳ ಏನಾಗುತ್ತದೆ, ಅಂತ. ಮನೆ ಬಾಡಿಗೆ, ಬಾಂಡು, ಎಷ್ಟು ವಿಮಾನ ಓಡುವ ಸ್ಥಿತಿಯಲ್ಲಿವೆ, ಹಿಂದಿನ ಬೋಧಕರು ಯಾಕೆ ಬಿಟ್ಟರು, ಅದೆಲ್ಲ ಆಮೇಲೆ ಕೇಳು."

ಒಂದು ಶಾಲೆ ಲಿಖಿತವಾಗಿ ಉತ್ತರ ಕೊಟ್ಟಿತು. ಇನ್ನೊಂದು, "ಬಂದ ಮೇಲೆ ಮಾತಾಡುವ" ಎಂದಿತು. ಅವಳು ಕಡಿಮೆ ಸಂಬಳದ ಕಡೆಗೆ ಹೋದಳು.

ನಾನು ಹೇಳಿದ್ದು ಸರಿಯೆಂದು ನನಗೆ ಪೂರ್ತಿ ಧೈರ್ಯವಿಲ್ಲ. ಅಡವಿಟ್ಟದ್ದು ನನ್ನ ತೋಟವಲ್ಲ. ಕಂತು ಕಟ್ಟುವ ದಿನ ತಂಗಿ ಫೋನು ಮಾಡಿದರೆ ಅವಳ ಸ್ವರದಲ್ಲಿ ಒಂದು ಮುಳ್ಳಿರುತ್ತದೆ. ಅದನ್ನು ಸಹಿಸುವುದು ನನ್ನ ಪಾಲಿನ ಕಂತು. ಬಡವರಿಗೆ ನೀತಿ ಹೇಳುವುದು ಸುಲಭ, ಅದರ ಖರ್ಚಿನಲ್ಲಿ ಪಾಲು ಹಿಡಿಯುವುದು ಕಷ್ಟ. ಹಾಗಾಗಿ ನನ್ನ ಪಿಂಚಣಿಯಿಂದ ಸ್ವಲ್ಪವನ್ನು ಪ್ರತಿ ತಿಂಗಳು ಆ ಸಾಲಕ್ಕೆ ಕಟ್ಟುತ್ತಿದ್ದೇನೆ. ಹಳೆಯ ಟ್ಯೂಷನ್ ಫೀಸಿನ ಬಾಕಿ ಎಂದುಕೊಂಡಿದ್ದೇನೆ, ಸಲ್ಲಬೇಕಾದವರಿಗೆ ಅದು ಸಲ್ಲುತ್ತಿಲ್ಲವಾದರೂ.

ಜೂನ್ ತಿಂಗಳ ಒಂದು ಬೆಳಿಗ್ಗೆ ಅವಳ ಫೋನು ಬಂತು.

"ಇವತ್ತು ಹಾರಾಟ ಇಲ್ಲ ದೊಡ್ಡಮ್ಮ. ಮೋಡ ಉಂಟು. ಹುಡುಗರಿಗೆ ಬೇಸರ. ನಾನೇ ಬೇಡ ಹೇಳಿದೆ."

"ಬೈದರಾ ಯಾರಾದರೂ?"

"ಇಲ್ಲ. ಅವರನ್ನು ಕೂರಿಸಿ ಮೋಡದ ಪಾಠವನ್ನೇ ಮಾಡಿದೆ."

ನಮ್ಮ ಅಂಗಳದಲ್ಲೂ ಮಳೆ ಹೊಯ್ಯುತ್ತಿತ್ತು. ಡಬ್ಬದಿಂದ ಬೇಸಗೆಯ ಹಪ್ಪಳ ನಾಲ್ಕು ತೆಗೆದು ಎಣ್ಣೆ ಕಾಯಲಿಟ್ಟೆ.