ವಾದವೆಂದರೆ ಯಾವುದು?

‘ವಾದ ಮಾಡಬೇಡ’ ಎಂಬ ಮಾತು ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಮಕ್ಕಳು ಇನ್ನೊಂದು ಪ್ರಶ್ನೆಯನ್ನು ಮುಂದಿಟ್ಟರಂತೂ ಅದು ‘ವಿತಂಡವಾದ’ವೇ ಆಗಿಬಿಡುತ್ತದೆ. ಈ ಶಬ್ದಗಳೆರಡೂ ಶಾಸ್ತ್ರದಿಂದ ಬಂದವು. ಅಲ್ಲಿ ಅವುಗಳಿಗಿದ್ದ ಅರ್ಥವನ್ನು ಮಾತ್ರ ನಾವು ಮರೆತಿದ್ದೇವೆ.

ಇಬ್ಬರು ಕುಳಿತು ಪಕ್ಷ-ಪ್ರತಿಪಕ್ಷಗಳನ್ನು ಹಿಡಿದು ನಡೆಸುವ ವಿಚಾರಕ್ಕೆ ಶಾಸ್ತ್ರದಲ್ಲಿ ‘ಕಥೆ’ಯೆಂದು ಹೆಸರು. ಶ್ರೀಮದಾಚಾರ್ಯರು ದಶಪ್ರಕರಣಗಳಲ್ಲೊಂದಾದ ಕಥಾಲಕ್ಷಣದಲ್ಲಿ ಇದರ ಮೂರು ಬಗೆಗಳನ್ನು ನಿರೂಪಿಸಿದ್ದಾರೆ. ಕೀರ್ತಿಗಾಗಿ ಅಥವಾ ಸ್ಪರ್ಧೆಯಿಂದ ನಡೆಯುವುದು ಜಲ್ಪ. ಸಜ್ಜನರು ಇತರರೊಡನೆ, ತಮ್ಮ ತತ್ತ್ವವನ್ನು ಹೊರಗೆಡಹದೆ ನಡೆಸುವುದು ವಿತಂಡ. ಕೇವಲ ತತ್ತ್ವನಿರ್ಣಯವನ್ನೇ ಉದ್ದೇಶಿಸಿದ್ದು ವಾದ. ಅದು ಯಾರ ನಡುವೆ? ಸಜ್ಜನರ ನಡುವೆ, ಗುರು-ಶಿಷ್ಯರ ನಡುವೆಯೂ ಹೌದು. ಶಿಷ್ಯನು ಎದುರುಪಕ್ಷವನ್ನು ಹಿಡಿದು ಗುರುವನ್ನು ಪ್ರಶ್ನಿಸುವುದು ಅವಿನಯವೆಂದು ಆಚಾರ್ಯರು ಎಣಿಸಲಿಲ್ಲ.

ಹಾಗಾದರೆ ಏಕಾದಶಿಯಂದು ಉಪವಾಸವೇಕೆ ಎಂದು ಕೇಳುವ ಹುಡುಗನನ್ನು ಯಾವ ಗುಂಪಿಗೆ ಸೇರಿಸೋಣ? ತಿಳಿಯಬೇಕೆಂದು ಕೇಳಿದ್ದರೆ ಅದು ವಾದವೇ. ಕಾಲೇಜಿನ ಗೆಳೆಯರ ಮಾತನ್ನು ಹೊತ್ತು ತಂದು, ತಂದೆಯನ್ನು ಸೋಲಿಸಲೆಂದೇ ಕೇಳಿದ್ದರೆ ಜಲ್ಪದ ಛಾಯೆಯುಂಟು. ಆದರೆ ಕೇಳುವ ಮೊದಲೇ ಗದರಿಸುವ ತಂದೆಗೆ ಈ ಭೇದ ತಿಳಿಯುವ ಬಗೆಯೆಂತು? ಮುಂಬಯಿ, ದೆಹಲಿಗಳಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಅಗ್ರಹಾರದ ಪರಿಸರವಿಲ್ಲ. ನೋಡಿ ಕಲಿಯುವುದಕ್ಕಿಂತ ಕೇಳಿ ಕಲಿಯಬೇಕಾದದ್ದೇ ಅವರಿಗೆ ಹೆಚ್ಚು. ಮನೆಯಲ್ಲಿ ಬಾಯಿ ಮುಚ್ಚಿಸಿದ ಪ್ರಶ್ನೆಗೆ ಅವರು ಹೊರಗೆ ಉತ್ತರ ಹುಡುಕುತ್ತಾರೆ. ಅಲ್ಲಿ ದೊರೆಯುವ ಉತ್ತರ ಎಂತಹುದೋ!

ನಮ್ಮ ಪರಂಪರೆ ಪ್ರಶ್ನೆಗೆ ಅಂಜಿದ್ದಲ್ಲ. ಶ್ರೀವ್ಯಾಸರಾಜರು ನ್ಯಾಯಾಮೃತದಲ್ಲಿ ಅದ್ವೈತಿಗಳ ಯುಕ್ತಿಗಳನ್ನು ಒಂದೊಂದಾಗಿ ಎತ್ತಿಕೊಂಡು ಪರೀಕ್ಷಿಸಿದರು. ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯಲ್ಲಿ ಅದಕ್ಕೆ ಉತ್ತರವಿತ್ತರು. ಅದನ್ನು ರಾಮಾಚಾರ್ಯರು ತರಂಗಿಣಿಯಲ್ಲಿ ಖಂಡಿಸಿದರು. ಬ್ರಹ್ಮಾನಂದರು ಮತ್ತೆ ಅದ್ವೈತದ ಪರವಾಗಿ ಬರೆದರು. ಎದುರಾಳಿಯ ಗ್ರಂಥವನ್ನು ಇಷ್ಟು ಶ್ರದ್ಧೆಯಿಂದ ಓದಿದವರು ವಿರಳ. ಪೂರ್ವಪಕ್ಷವನ್ನು ಕುಂದಿಸಿ ಹೇಳಿ ಗೆದ್ದರೆ ಅದು ಗೆಲುವೇ ಅಲ್ಲವೆಂಬುದು ಅವರಿಗೆ ಗೊತ್ತಿತ್ತು. (ಇಂದಿನ ದೂರದರ್ಶನದ ಚರ್ಚೆಗಳಲ್ಲಿ ಪೂರ್ವಪಕ್ಷವನ್ನು ಪೂರ್ತಿ ಕೇಳುವ ವ್ಯವಧಾನವಾದರೂ ಯಾರಿಗಿದೆ?)

ಕಥೆಗೆ ಮಧ್ಯಸ್ಥರಾಗುವ ಪ್ರಾಶ್ನಿಕರ ಲಕ್ಷಣವನ್ನೂ ಕಥಾಲಕ್ಷಣವು ಹೇಳುತ್ತದೆ. ಅವರು ರಾಗದ್ವೇಷರಹಿತರಾಗಿರಬೇಕು, ಸರ್ವವಿದ್ಯಾವಿಶಾರದರಾಗಿರಬೇಕು. ಬೆಸ ಸಂಖ್ಯೆಯಲ್ಲಿರಬೇಕು, ಇಲ್ಲವೇ ಒಬ್ಬರೇ ಆಗಿರಬಹುದು. ಮನೆಯ ವಾದದಲ್ಲಿ ಅಂಥವರು ಎಲ್ಲಿಂದ ಬರಬೇಕು? ತಂದೆಯೇ ಪ್ರತಿವಾದಿ, ತಂದೆಯೇ ನಿರ್ಣಾಯಕ. ಆದುದರಿಂದ ಅವನ ಹೊಣೆ ಇಮ್ಮಡಿಯಾದದ್ದು. ಉತ್ತರ ತಿಳಿಯದಿದ್ದಾಗ ಅವನು ‘ಮುಂದಿನ ಏಕಾದಶಿಗೆ ಮಠಕ್ಕೆ ಹೋಗಿ ಆಚಾರ್ಯರನ್ನು ಇಬ್ಬರೂ ಕೇಳೋಣ’ ಎನ್ನಬಹುದು. ಹೋಗಿ, ಮಗನ ಪಕ್ಕದಲ್ಲೇ ಕುಳಿತು ಕೇಳಬಹುದು.